ಒಳಗೆ ತಳ್ಳಬೇಕಾದ ಸಾಲು

ನನ್ನ ಅಕ್ಕನಿಗೆ ಪಾಠ ಹೇಳಿಕೊಡುವುದಕ್ಕಿಂತ ಗೋಡೆಗೆ ತಲೆ ಚಚ್ಚಿಕೊಳ್ಳುವುದು ಮೇಲು. ಗೋಡೆ ಎದುರು ಮಾತಾಡುವುದಿಲ್ಲ.

ಅಕ್ಕ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವವಳು. ಪುಟದ ಅಂಚು ಕೂದಲೆಳೆಯಷ್ಟು ಆಚೀಚೆಯಾದರೂ ಅವಳಿಗೆ ಊಟ ಸೇರುವುದಿಲ್ಲ. ಈಗ ಆ ವಿಭಾಗವನ್ನೇ ಮುಚ್ಚುತ್ತಾರಂತೆ. ಪ್ರೋಗ್ರಾಮಿಂಗಿನ ಮೊದಲ ಪರೀಕ್ಷೆ ಪಾಸಾದವರಿಗೆ ಕಂಪ್ಯೂಟರ್ ಕೋಣೆಯಲ್ಲಿ ಕುರ್ಚಿ, ಆಗದವರಿಗೆ ಮನೆ. ಹಗಲಿಡೀ ಮನೆಯಲ್ಲಿ ಕೂತರೆ ಅವಳು ಗೋಡೆಯ ಕ್ಯಾಲೆಂಡರನ್ನೂ ತಿದ್ದಿಬಿಟ್ಟಾಳು. ನಾನು ಇದೇ ವಿದ್ಯೆಯನ್ನು ಮಕ್ಕಳಿಗೆ ಕಲಿಸಿ ಹೊಟ್ಟೆ ಹೊರೆಯುವವಳಾದ್ದರಿಂದ ಈ ಗ್ರಹಚಾರ ನನ್ನ ಕೊರಳಿಗೇ ಬಿತ್ತು.

"ನೋಡಕ್ಕಾ, ಇದು ಲಿಸ್ಟ್. ಅಮ್ಮ, ಅಣ್ಣ, ಅತ್ತಿಗೆ, ಸೋದರಮಾವ ಇದ್ರಲ್ಲಿದಾರೆ. ಲೂಪ್ ಅಂದ್ರೆ ಒಬ್ಬೊಬ್ಬರ ಹತ್ರಾನೂ ಹೋಗಿ ಅದೇ ಕೆಲಸ ಮಾಡೋದು. ಹೆಸರಿಗೆ 'ಬನ್ನಿ' ಅಂತ ಸೇರಿಸು, ಆಮೇಲೆ ಸ್ಕ್ರೀನ್ ಮೇಲೆ ತೋರಿಸು. ಈ ಎರಡು ಸಾಲೂ ಲೂಪಿನ ಕೆಳಗೆ ಸ್ವಲ್ಪ ಒಳಕ್ಕೆ ತಳ್ಳಿರಬೇಕು. ಒಳಗಿದ್ರೆ ಎಲ್ಲರಿಗೂ, ಹೊರಗೆ ಬಂದ್ರೆ ಕೊನೇಲಿ ಒಂದೇ ಸಲ. ಗೊತ್ತಾಯ್ತಾ?"

"ಗೊತ್ತಾಯ್ತು ಬಿಡೇ," ಎಂದು ಅಕ್ಕ ಕೀಲಿಗಳನ್ನು ಕುಟ್ಟಿದಳು. ಬಂದದ್ದು ಇಷ್ಟೇ: ಸೋದರಮಾವ ಬನ್ನಿ.

"ಮಿಕ್ಕೋರೆಲ್ಲಿ?"

"ಅದನ್ನ ನಿನ್ನ ಕಂಪ್ಯೂಟರನ್ನೇ ಕೇಳು."

ಬಗ್ಗಿ ನೋಡಿದೆ. ಎರಡನೆಯ ಸಾಲನ್ನು ಎಳೆದು ತಂದು ಎಡ ಅಂಚಿಗೆ ನಿಲ್ಲಿಸಿದ್ದಾಳೆ! ಯಾಕೆ ಎಂದರೆ, "ಸೊಟ್ಟಗಿತ್ತು" ಎಂದಳು. ಸಾಲಿನ ಕೊನೆಗೆ ಪೂರ್ಣವಿರಾಮ ಇಡಬೇಡ ಎಂದು ಹಿಂದಿನ ದಿನವೆಲ್ಲ ಗಂಟಲು ಹರಿದುಕೊಂಡಿದ್ದೆ. ಇವತ್ತು ಅಂಚಿನ ಸರದಿ.

ಲಿಸ್ಟಿಗೆ ಹಣ್ಣುಗಳನ್ನು ಹಾಕಿಸಿದೆ, ಬಣ್ಣಗಳನ್ನು ಹಾಕಿಸಿದೆ. ಪ್ರತಿ ಸಲವೂ ಕೊನೆಯದೊಂದೇ ಬಂತು. ಅವಳ ಬೆರಳುಗಳು ಅವಳನ್ನೂ ಕೇಳದೆ ಅಂಚಿಗೆ ಓಡುತ್ತಿದ್ದವು. "ನಿನ್ನ ಕೈಗೆ ಕೋಳ ಹಾಕ್ಬೇಕು!" ಎಂದು ಕೂಗಾಡಿದೆ. ಅಕ್ಕ ಮೂತಿ ಊದಿಸಿಕೊಂಡು ಕೂತಳು. ಆಮೇಲೆ ತಾನೇ ಕೀಬೋರ್ಡ್ ಎಳೆದುಕೊಂಡು, ನೆಂಟರ ಲಿಸ್ಟನ್ನೇ ಮತ್ತೆ ತೆಗೆದು, ಕಹಿ ಔಷಧಿ ನುಂಗುವವಳಂತೆ ಮುಖ ಮಾಡಿ, ಸಾಲನ್ನು ಒಳಕ್ಕೆ ತಳ್ಳಿದಳು. ಅಷ್ಟೂ ಜನ ಬಂದರು. ಖುಷಿಗೆ ಅವಳನ್ನು ತಬ್ಬಿಕೊಂಡುಬಿಟ್ಟೆ.

ಪರೀಕ್ಷೆಯ ದಿನ ನಾನು ಹೊರಗಿನ ಬೆಂಚಿನಲ್ಲಿ ಉಗುರು ಕಚ್ಚುತ್ತಾ ಕೂತಿದ್ದೆ. ಅಕ್ಕ ಬೀಗುತ್ತಾ ಬಂದಳು.

"ಎಲ್ಲಾ ಬಂತು ಕಣೇ! ಲಿಸ್ಟಲ್ಲಿದ್ದ ಒಂದು ಹೆಸರೂ ಬಿಟ್ಟುಹೋಗ್ಲಿಲ್ಲ."

"ಅಯ್ಯೋ ನನ್ನ ಬಂಗಾರ! ಹಾಗೇ ಕೊಟ್ಟು ಬಂದ್ಯಾ?"

"ಹಾಗೇ ಹೇಗೆ ಕೊಡ್ಲಿ? ಇನ್ನೂ ಟೈಮಿತ್ತು. ಒಂದ್ಸಲ ಕಣ್ಣಾಡಿಸಿ, ಎಲ್ಲಾ ಸಾಲೂ ನೆಟ್ಟಗೆ ಮಾಡಿ ಕೊಟ್ಟೆ."

ನನ್ನ ಮುಖ ನೋಡಿದ ಮೇಲೆಯೇ ಅವಳಿಗೆ ಹೊಳೆದದ್ದು. ತಿರುಗಿ ನೋಡಿದಳು, ಕೋಣೆಯ ಬಾಗಿಲು ಹಾಕಿಯಾಗಿತ್ತು. ಹಿಗ್ಗಾಮುಗ್ಗಾ ಬೈಯಬೇಕೆಂದು ನಾನು ಬಾಯಿ ತೆರೆದೆ. ಅಕ್ಕ ತನ್ನ ಬೆರಳುಗಳನ್ನೇ ನೋಡುತ್ತಾ ನಿಂತಿದ್ದಳು.

"ನಂಗೆ ಚೆನ್ನಾಗಿ ಬರೋದು ಅದೊಂದೇ ಕಣೇ," ಎಂದಳು.