ಒದ್ದೆ ಗೆರೆ

ಹಾಗಾದರೆ ಅಕ್ಕ ಮುಂಬಾಗಿಲು ತೆಗೆಯುವುದಿಲ್ಲ. ಆದರೂ ಅವನು ಇನ್ನೊಮ್ಮೆ ಗಂಟೆ ಒತ್ತಿದ. ಒಳಗೆ ಭಾರದ ಪಾತ್ರೆಯೊಂದನ್ನು ನೆಲದ ಮೇಲೆ ಎಳೆದ ಸದ್ದಾಯಿತು. ಆಮೇಲೆ ಅಕ್ಕನ ದನಿ ಕೇಳಿಸಿತು. ಅವನಿಗಲ್ಲ, ಭಾವನಿಗೆ ಹೇಳಿದ್ದು.

“ಪುರಸಭೆಯವರು ಬಂದಿದ್ದಾರೆ. ಹಿತ್ತಲ ಕಡೆಯಿಂದ ಬರೋಕೆ ಹೇಳಿ.”

ಪುರಸಭೆಯವರು. ಅವನ ಮೂಗು ಒರೆಸಿ, ಕೈಗೆ ಬಳಪ ಕೊಟ್ಟು ಅಂಕಿ ತಿದ್ದಿಸಿದವಳು ಇವಳೇ. ಮನೆಗೂ ಕಾಂಪೌಂಡಿಗೂ ನಡುವಿನ ಸಂದಿಯಲ್ಲಿ ಮೈ ಓರೆಮಾಡಿಕೊಂಡು ನಡೆಯುತ್ತ ನಗಲು ನೋಡಿದ. ನಗು ಬರಲಿಲ್ಲ, ಷರಟಿಗೆ ಗೋಡೆಯ ಸುಣ್ಣ ಹತ್ತಿತು.

ಅವನು ಪುರಸಭೆಯಲ್ಲಿ ನೀರಿನ ಎಂಜಿನಿಯರ್. ಈ ಬೀದಿಯ ಹಿಂದಿನ ಬಯಲಿನಲ್ಲಿ ಹೊಸ ಬಡಾವಣೆ ಏಳಲಿತ್ತು. ಪುರಸಭೆಯ ಪೈಪು ಅಲ್ಲಿಗೆ ಹೋಗಿಲ್ಲ. ಬಿಲ್ಡರ್ ತನ್ನದೇ ಕೊಳವೆಬಾವಿ ಕೊರೆಸಿದ್ದ. ಅಂಥ ಖಾಸಗಿ ನೀರನ್ನು ನಂಬಿ ಮನೆ ಕಟ್ಟಬೇಕಾದರೆ ಒಂದು ಪರೀಕ್ಷೆ ಆಗಬೇಕೆಂದು ನಿಯಮ. ಬೆಳಿಗ್ಗೆಯಿಂದ ಸಂಜೆವರೆಗೆ ಕೊಳವೆಬಾವಿಯ ಪಂಪು ಎಡೆಬಿಡದೆ ಓಡಬೇಕು. ತೀರ ಹತ್ತಿರದ ಬಾವಿಯ ನೀರಿನ ಮಟ್ಟವನ್ನು ಪಂಪು ಹಾಕುವ ಮುಂಚೆ ಒಂದು ಸಲ, ನಿಲ್ಲಿಸುವ ಮುಂಚೆ ಇನ್ನೊಂದು ಸಲ ಅಳೆಯಬೇಕು. ಮಟ್ಟ ಇಳಿದಿದ್ದರೆ ಬಡಾವಣೆಗೆ ಒಪ್ಪಿಗೆ ಇಲ್ಲ. ತೀರ ಹತ್ತಿರದ ಬಾವಿ ಅಕ್ಕನದು. ಆ ಬೀದಿಗೂ ನಲ್ಲಿ ಬಂದಿಲ್ಲವಾದ್ದರಿಂದ ಅವಳ ಮನೆಯ ಅಡುಗೆ, ಸ್ನಾನ, ಬಾಯಾರಿಕೆ ಎಲ್ಲ ಆ ಬಾವಿಯ ಮೇಲೇ.

ಬೇರೆಯವರನ್ನು ಕಳಿಸಿ ಎಂದು ಅವನು ಕೇಳಿಕೊಂಡಿದ್ದ. ಮೇಲಧಿಕಾರಿ ನಕ್ಕಿದ್ದರು. “ನೀವೇ ಹೋಗ್ರೀ. ಅಕ್ಕನ ಪರ ವಹಿಸಿದ್ರಿ ಅಂತ ನಿಮಗೆ ಯಾರೂ ಅನ್ನೋ ಹಾಗಿಲ್ಲ.”

ಅದು ನಿಜ. ಭಾವ ಮನೆಗೆ ಒಂದು ಕೋಣೆ ಸೇರಿಸಿ ಕಟ್ಟಿದಾಗ ಅದು ಗಡಿಗೆರೆಯಿಂದ ಒಂದು ಗೇಣು ಆಚೆ ಹೋಗಿತ್ತು. ಅಳೆದವನು ಅವನು, ಕೆಡವಿಸಿದವನೂ ಅವನೇ. ಆಮೇಲೆ ಬೀದಿ ಅವನಿಗೆ ‘ಟೇಪು’ ಎಂದು ಹೆಸರಿಟ್ಟಿತು. ಅವನಿಗೆ ಅದರಲ್ಲಿ ನಾಚಿಕೆಯೇನೂ ಇರಲಿಲ್ಲ. ಲೋಕದಲ್ಲಿ ಎಲ್ಲರೂ ಒಂದೊಂದು ಗೇಣು ಆಚೆ ಹೋಗುವವರೇ, ಯಾರಾದರೂ ಒಬ್ಬ ಅಳೆಯಬೇಕಲ್ಲ ಎಂದು ಹೆಂಡತಿಗೆ ಹೇಳಿದ್ದ. ಅವಳು ಲೈಟು ಆರಿಸಿ ಮಗ್ಗುಲು ಬದಲಿಸಿದ್ದಳು.

ಹಿತ್ತಲಿನಲ್ಲಿ ಭಾವ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದ. ಏಳಲಿಲ್ಲ. ಅವನು ಉಕ್ಕಿನ ಟೇಪಿನ ತುದಿಗೆ ಸೀಮೆಸುಣ್ಣ ಉಜ್ಜಿ ಬಾವಿಗೆ ಇಳಿಬಿಟ್ಟ. ಸುಣ್ಣ ಎಲ್ಲಿಯವರೆಗೆ ತೋಯುತ್ತದೋ ಅಲ್ಲಿ ಗೆರೆ ಬೀಳುತ್ತದೆ. ಗೆರೆ ಸುಳ್ಳು ಹೇಳುವುದಿಲ್ಲ. ಅವನಿಗೆ ಈ ಕೆಲಸದಲ್ಲಿ ಇಷ್ಟವಾಗಿದ್ದುದು ಅದೊಂದೇ.

ಟೇಪು ಇಳಿಯುತ್ತಲೇ ಹೋಯಿತು. ತಳದಲ್ಲಿ ಕೆಸರಿನ ನಡುವೆ ಒಂದಿಷ್ಟು ನೀರು ಮಿಣುಕುತ್ತಿತ್ತು. ಆದರೆ ಬಾವಿಯ ಕಲ್ಲುಗಳು ಬಹಳ ಮೇಲಿನವರೆಗೂ ಹಸಿಯಾಗಿದ್ದವು. ಹಗ್ಗದಿಂದ ನೀರು ತೊಟ್ಟಿಕ್ಕುತ್ತಿತ್ತು. ಅಡುಗೆಮನೆಯ ಕಿಟಕಿಯಾಚೆ ಹಂಡೆ, ಕೊಡ, ಡ್ರಮ್ಮು, ಕುಕ್ಕರು ಕೂಡ, ಎಲ್ಲ ಅಂಚಿನವರೆಗೆ ತುಂಬಿ ಕೂತಿದ್ದವು.

“ರಾತ್ರಿಯೆಲ್ಲ ಸೇದಿದ್ರಾ?”

“ಬಾವಿ ಇರೋದೇ ಹಾಗೆ,” ಎಂದ ಭಾವ, ಬೊಬ್ಬೆ ಎದ್ದ ಅಂಗೈಗಳನ್ನು ತೊಡೆಸಂದಿಗೆ ಸೇರಿಸುತ್ತ. “ಆ ಬೋರು ಕೊರೆದ ಮೇಲೆ ಬತ್ತಿಹೋಯ್ತು. ಇರೋದನ್ನ ಇದ್ದ ಹಾಗೆ ಬರ್ಕೊಳ್ಳಿ.”

ಅವನಿಗೆ ತಕ್ಷಣ ಎಲ್ಲ ಅರ್ಥವಾಯಿತು. ಬತ್ತಿದ ಬಾವಿ ತೋರಿಸಿದರೆ ಪುರಸಭೆ ಹೆದರುತ್ತದೆಂದು ಇವರ ಲೆಕ್ಕ. ಪುರಸಭೆಗೆ ಬೇಕಾಗಿರುವುದು ಬತ್ತಿದೆಯೋ ಇಲ್ಲವೋ ಎಂಬುದಲ್ಲ, ಬೆಳಿಗ್ಗೆಗೂ ಸಂಜೆಗೂ ಎಷ್ಟು ವ್ಯತ್ಯಾಸ ಎಂಬುದು. ಬರಿದು ಮಾಡಿದ ಬಾವಿಗೆ ಸುತ್ತಲಿನ ಊಟೆಗಳಿಂದ ನೀರು ಬಂದು ಸೇರಿಯೇ ಸೇರುತ್ತದೆ. ಪಕ್ಕದಲ್ಲಿ ಪಂಪು ಓಡುತ್ತಿದ್ದರೂ ಸಂಜೆಗೆ ಮಟ್ಟ ಏರಿರುತ್ತದೆ. ಬಡಾವಣೆಯಿಂದ ಬಾವಿಗೆ ಬಾಧಕವಿಲ್ಲ ಎಂದು ಅವರ ಬಾವಿಯೇ ಸಾಕ್ಷಿ ನುಡಿಯುತ್ತದೆ. ಆಮೇಲೆ ಬಡಾವಣೆ ತುಂಬ ಜನ ಬಂದು ಪಂಪು ವರ್ಷಗಟ್ಟಲೆ ಓಡುವಾಗ ಬಾವಿ ನಿಜವಾಗಿಯೇ ಒಣಗುತ್ತದೆ, ಕೇಳುವವರಿರುವುದಿಲ್ಲ.

ಹೇಳಲು ಬಾಯಿ ತೆರೆದ. ಈಗಲೂ ಸಮಯವಿತ್ತು. ಡ್ರಮ್ಮು ಕೊಡಗಳನ್ನೆಲ್ಲ ಬಾವಿಗೆ ಸುರಿದರೂ ನಡೆಯುತ್ತಿತ್ತು.

“ಅಳತೆ ಆಯ್ತಾ ಕೇಳಿ,” ಒಳಗಿನಿಂದ ಅಕ್ಕನ ದನಿ. “ಅವರು ಹೋದ ಮೇಲೆ ಹಿತ್ತಲು ತೊಳೀಬೇಕು.”

ಅವನು ಬಾಯಿ ಮುಚ್ಚಿಕೊಂಡ. ಟೇಪು ಮೇಲೆಳೆದು ಗೆರೆ ನೋಡಿ ಅಂಕಿ ಬರೆದುಕೊಂಡ. ಅನುಭವಿಸಲಿ ಎನ್ನಿಸಿತು. ಎಷ್ಟು ಸುಲಭವಾಗಿ ಅನ್ನಿಸಿತೆಂದರೆ ಅವನಿಗೇ ಆಶ್ಚರ್ಯವಾಯಿತು.

ಬೀದಿಗೆ ಬಂದು ನೋಡಿದರೆ ಸ್ಕೂಟರಿನ ಎರಡು ಚಕ್ರಗಳ ಗಾಳಿಯನ್ನೂ ಯಾರೋ ಬಿಟ್ಟಿದ್ದರು. ಕಿಟಕಿಗಳಲ್ಲಿ ಮುಖಗಳಿದ್ದವು. ಯಾರೂ ನಗಲಿಲ್ಲ. ಅವನು ಸ್ಕೂಟರು ತಳ್ಳಿಕೊಂಡು ಬಯಲಿಗೆ ಹೋದ.

ಪಂಪು ಓಡತೊಡಗಿತು. ತಗಡಿನ ಶೆಡ್ಡಿನ ನೆರಳಲ್ಲಿ ಬಿಲ್ಡರ್ ಅವನಿಗಾಗಿ ಕುರ್ಚಿ ಹಾಕಿಸಿದ್ದ. ಲಂಚದ ಮಾತು ಎತ್ತಲಿಲ್ಲ. ಎತ್ತಿದ್ದರೆ ಬೈದು ಕಳಿಸಿ ಹಗುರಾಗಬಹುದಿತ್ತು.

“ಬಾವಿ ತಳ ಕಾಣ್ತಿದೆಯಂತೆ ಸಾರ್?”

“ಯಾರು ಹೇಳಿದ್ದು?”

“ರಾತ್ರಿಯೆಲ್ಲ ರಾಟೆ ಕಿರುಗುಟ್ಟಿದ್ದು ನಮ್ಮ ವಾಚ್‌ಮನ್‌ಗೆ ಕೇಳಿಸ್ತು.” ಬಿಲ್ಡರ್ ಪಂಪಿನ ಕಡೆ ನೋಡುತ್ತ ಸಂತೃಪ್ತಿಯಿಂದ ಕುತ್ತಿಗೆ ತುರಿಸಿಕೊಂಡ. “ನಿಮ್ಮ ಮನೆಯವರಿಂದ ಬಹಳ ಉಪಕಾರ ಆಯ್ತು.”

“ಅವರು ನನ್ನ ಮನೆಯವರಲ್ಲ.”

ಯಾಕೆ ಹಾಗೆಂದೆ ಎಂದು ಅವನು ಮಧ್ಯಾಹ್ನದವರೆಗೂ ಯೋಚಿಸಿದ. ದಪ್ಪ ಪೈಪಿನಿಂದ ನೀರು ಮೋರಿಗೆ ಧೋ ಎಂದು ಸುರಿಯುತ್ತಿತ್ತು. ಅವನ ಗಂಟಲು ಒಣಗಿತ್ತು. ಬಿಲ್ಡರ್ ಕಳಿಸಿದ ಬಾಟಲಿ ಕುರ್ಚಿಯ ಕೆಳಗೆ ಬಿಸಿಯಾಗುತ್ತಿತ್ತು, ಮುಟ್ಟಲಿಲ್ಲ. ಈ ಮನುಷ್ಯನನ್ನು ಕಂಡರೆ ಅಸಹ್ಯವಾಗುತ್ತಿತ್ತು. ಅಕ್ಕನನ್ನು ನೆನೆದರೂ ಅಷ್ಟೇ ಅಸಹ್ಯವಾಗುತ್ತಿತ್ತು. ಇಬ್ಬರ ಕಣ್ಣಿಗೂ ಅವನು ಒಂದೇ ಥರ ಕಾಣುತ್ತಿದ್ದ.

ಬಾವಿಯನ್ನು ಮೊದಲೇ ಬರಿದು ಮಾಡಿದ್ದರು ಎಂದು ವರದಿಯಲ್ಲಿ ಬರೆಯಬಹುದು. ಆದರೆ ಪರೀಕ್ಷೆ ಕೆಡಿಸಿದವರ ತಕರಾರು ಅಲ್ಲಿಗೇ ವಜಾ, ಮರುಪರೀಕ್ಷೆಯೂ ಇಲ್ಲ ಎಂದು ನಿಯಮವೇ ಹೇಳುತ್ತದೆ, ಮೇಲೆ ದಂಡ. ಏನೂ ಬರೆಯದೆ ಬರಿಯ ಅಂಕಿ ಕೊಟ್ಟರೆ ಬಿಲ್ಡರ್ ಗೆಲ್ಲುತ್ತಾನೆ. ಹೇಗೆ ತಿರುಗಿಸಿ ನೋಡಿದರೂ ನಿಜ ಹೇಳಿದರೆ ಅಕ್ಕನ ಬಾವಿ ಹೋಯಿತು. ಸುಳ್ಳು ಅಂಕಿ ಬರೆದರೆ ಮಾತ್ರ ಉಳಿಯುತ್ತದೆ. ಅಕ್ಕನಿಗೆ ಫೋನು ಮಾಡಿದ.

“ಪುರಸಭೆಗೆ ಹೇಳೋದನ್ನೆಲ್ಲ ಹೇಳಿ ಆಗಿದೆ,” ಎಂದು ಇಟ್ಟುಬಿಟ್ಟಳು.

ಸಂಜೆ ಸಂದಿಯಲ್ಲಿ ನುಗ್ಗಿ ಮತ್ತೆ ಹಿತ್ತಲಿಗೆ ಬಂದ. ಭಾವ ಇರಲಿಲ್ಲ. ಅಕ್ಕ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಿದ್ದಳು. ಕೂದಲು ಇಷ್ಟು ನೆರೆತಿದ್ದು ಯಾವಾಗ? ಅವಳ ಹಿಂದೆ ತುಂಬಿದ ಪಾತ್ರೆಗಳ ಸಾಲು ನಡುಮನೆಯವರೆಗೂ ಹೋಗಿತ್ತು, ಒಂದರಿಂದಲೂ ಒಂದು ಲೋಟ ಕಡಿಮೆಯಾದಂತೆ ಕಾಣಲಿಲ್ಲ.

“ಕುಡಿಯೋಕೆ ನೀರು ಕೊಡ್ತೀಯಾ?”

“ಬಿಲ್ಡರ್ ಕೊಡ್ಲಿಲ್ವಾ ನಿಮಗೆ?”

ಅವನು ಟೇಪಿನ ತುದಿಗೆ ಸುಣ್ಣ ಉಜ್ಜುತ್ತ, ಅವಳ ಮುಖ ನೋಡದೆ, ಎಲ್ಲವನ್ನೂ ಹೇಳಿದ. ಮೊದಲ ಅಳತೆ, ಕೊನೆಯ ಅಳತೆ, ನಡುವೆ ಊರಿಬಂದ ನೀರು. ಅಂಕಿಸಂಖ್ಯೆಯ ಮಾತಾದ್ದರಿಂದ ದನಿ ನಡುಗಲಿಲ್ಲ. ಮುಗಿದ ಮೇಲೆ ತಲೆಯೆತ್ತಿದ. ಅವಳು ಚೌಕಟ್ಟು ಹಿಡಿದುಕೊಂಡು ಬಾವಿಯ ಕಡೆ ನೋಡುತ್ತಿದ್ದಳು.

“ಬೆಳಿಗ್ಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಹೇಳ್ಲಿಲ್ಲ.”

“ನೀನು ಬಾಗಿಲು ತೆಗೀಲಿಲ್ಲ.”

ಹೇಳಿದ ಮೇಲೆ ಅದು ಎಷ್ಟು ಚಿಕ್ಕ ಮಾತೆಂದು ತಿಳಿಯಿತು. ಅಕ್ಕ ಒಳಗೆ ಹೋಗಿ ಒಂದು ಲೋಟ ನೀರು ತಂದು ಬಾವಿಕಟ್ಟೆಯ ಮೇಲೆ ಕುಕ್ಕಿದಳು, ಅರ್ಧ ಚೆಲ್ಲಿತು.

“ಇಳಿದಿದೆ ಅಂತ ಬರಿ,” ಎಂದಳು. ಬೆಳಿಗ್ಗೆಯಿಂದ ಮೊದಲ ಸಲ ಏಕವಚನ. “ಬಹಳ ಬೇಡ. ಒಂದು ಗೇಣು. ಅಷ್ಟು ಸಾಕಲ್ಲ?”

“ಅಕ್ಕಾ, ನಾನು ಯಾವತ್ತೂ...”

“ಗೊತ್ತು. ಆ ಕೋಣೆ ನನಗೆ ಗೊತ್ತಿಲ್ವಾ?”

ಅವಳು ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಅವನು ಟೇಪನ್ನು ಬಾವಿಗೆ ಇಳಿಬಿಟ್ಟ. ಈ ಸಲ ಅದು ಬೇಗ ನೀರು ಮುಟ್ಟಿತು. ಬಗ್ಗಿ ನೋಡಿದ. ಬೆಳಿಗ್ಗೆ ಕೆಸರಿದ್ದ ಕಡೆ ಈಗ ತಿಳಿಯಾದ ನೀರು ನಿಂತಿತ್ತು, ಅದರಲ್ಲಿ ಅವನದೇ ತಲೆಯ ಬಿಂಬ ಕಪ್ಪಗೆ ಕಾಣುತ್ತಿತ್ತು. ಕಲ್ಲಿನ ಸಂದುಗಳಿಂದ ನೀರು ಒಸರುವ ಸಣ್ಣ ಸದ್ದು ಕೇಳಿಸಿತು. ಬಯಲಿನಲ್ಲಿ ಪಂಪು ಬಡಿದುಕೊಳ್ಳುತ್ತಲೇ ಇತ್ತು; ಅವನು ಹೋಗಿ ಹೇಳುವವರೆಗೆ ಅದನ್ನು ಯಾರೂ ನಿಲ್ಲಿಸುವ ಹಾಗಿರಲಿಲ್ಲ.

ಟೇಪು ಎಳೆದುಕೊಂಡರೆ ಬರೆಯಬೇಕು. ಎಳೆಯದೆ ನಿಂತ. ಎಷ್ಟು ಹೊತ್ತು ನಿಂತರೆ ಒದ್ದೆ ಗೆರೆ ಅಷ್ಟು ಮೇಲೆ ಬರುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಕೈ ಏಳಲಿಲ್ಲ. ಇಳಿ, ಒಂದೇ ಒಂದು ಗೇಣು ಇಳಿ ಎಂದು ನೀರನ್ನು ಬೇಡಿಕೊಳ್ಳುತ್ತ ಬಾವಿಕಟ್ಟೆಗೆ ಎದೆಯೂರಿ ಬಗ್ಗಿದ. ನೀರು ಕಲ್ಲಿನಿಂದ ಕಲ್ಲಿಗೆ ನಿಧಾನವಾಗಿ ಏರುತ್ತಿತ್ತು. ಆ ಕಪ್ಪು ತಲೆಯೂ ಅದರ ಜೊತೆ ಏರುತ್ತಿತ್ತು. ಅದಕ್ಕೆ ಕಣ್ಣು, ಮೂಗು, ತೆರೆದ ಬಾಯಿ ಒಂದೊಂದಾಗಿ ಮೂಡುತ್ತಿದ್ದವು.