ಶಿಲುಬೆಯ ಹಿಂಬದಿ

"ಕಣ್ಣಿಗೆ ಬಟ್ಟೆ ಕಟ್ಟಿ ಬೇಕಾದ್ರೆ!" ಎನ್ನುತ್ತ ಇನ್ನೊಕೆಂಟಿ ಬೆಳ್ಳಿ ಶಿಲುಬೆಯ ಹಿಂಬದಿಗೆ ಹೆಬ್ಬೆರಳು ಒತ್ತಿದ. ಆರು ಅಂಕಿ ಒದರಿದ. ಒಂದೂ ತಪ್ಪಲಿಲ್ಲ.

ರಷ್ಯಾದ ಚಕ್ರವರ್ತಿಯ ಕಾಲದ ಈ ಶಿಲುಬೆಯಾಕಾರದ ಶೌರ್ಯಪದಕಗಳ ಬೆನ್ನಿಗೆ ಅಂಕಿ ಕೊರೆದಿರುತ್ತದೆ. ಒಂದು ಅಂಕಿಗೆ ಒಬ್ಬನೇ ಸೈನಿಕ. ಪ್ಸ್ಕೋವ್‌ನ ಭಾನುವಾರದ ಸಂತೆಯಲ್ಲಿ ಈ ಇತಿಹಾಸದ ಮೇಷ್ಟ್ರ ಹೆಬ್ಬೆರಳು ದೇವರ ಕಣ್ಣಿಗಿಂತ ಚುರುಕು. ಮನೆಯಲ್ಲಿ ಮುನ್ನೂರು ಪದಕ, ಎಂದರೆ ಒಂದು ದಂಡೇ ಮಲಗಿತ್ತು. ದಂಡಿಗೆ ನಾಯಕ, ಅಜ್ಜನ ಶಿಲುಬೆ. ಅಜ್ಜ ಒಬ್ಬನೇ ನಲವತ್ತು ಜರ್ಮನ್ನರನ್ನು ಅಟ್ಟಿದ ಕಥೆಯನ್ನು ಇಪ್ಪತ್ತೈದು ವರ್ಷದಿಂದ ತರಗತಿಯಲ್ಲಿ ಹೇಳುತ್ತಿದ್ದ. ಮೊದಲ ವರ್ಷ ಜರ್ಮನ್ನರು ಹನ್ನೆರಡೇ ಇದ್ದರು.

"ಗ್ಲಫೀರಾ ಅಜ್ಜಿ ಬಂದ್ಲು, ಓಡ್ರೋ!" ವ್ಯಾಪಾರಿ ಫದೇಯ್ ಸೂರ್ಯಕಾಂತಿ ಸಿಪ್ಪೆ ಉಗಿದು ನಕ್ಕ. "ಈ ಸಲ ಮೇಷ್ಟ್ರನ್ನೇ ಕೇಳಜ್ಜಿ. ಇವ್ರಿಗೆ ಗೊತ್ತಿಲ್ದಿರೋ ಪದಕ ಇನ್ನೂ ಹುಟ್ಟಿಲ್ಲ."

ಎಂಬತ್ತರ ಮುದುಕಿ ಹಳದಿ ಕಾಗದ ಬಿಚ್ಚಿದಳು. ಅವಳ ಅಪ್ಪನ ಪದಕದ ಪತ್ರ. ೪೧೮೨೦೭.

ಇನ್ನೊಕೆಂಟಿಗೆ ಆ ಅಂಕಿ ತನ್ನ ಹೆಸರಿನಷ್ಟೇ ಬಾಯಿಪಾಠ. ಅಜ್ಜನ ಶಿಲುಬೆಯದು.

"ಎಲ್ಲಿ ಕಳೀತು?"

"ಕಳೀಲಿಲ್ಲಪ್ಪ. ಸೈಬೀರಿಯಾಕ್ಕೆ ಗಡೀಪಾರಿನ ಗಾಡಿ ಹತ್ತೋ ದಿನ ಅಪ್ಪ ಹಟ ಮಾಡಿ ಹಾಕ್ಕೊಂಡಿದ್ದ. ಹಿಡಿಯೋಕೆ ಬಂದೋರ್ ಜೊತೆ ನಮ್ಮೂರವ್ನೇ ಒಬ್ಬ ಇದ್ದ. ಎದೆಯಿಂದ ಕಿತ್ಕೊಂಡ."

"ಯಾರು?"

"ಹೆಸ್ರು ಯಾಕೆ ಬಿಡು. ಮೊಮ್ಮಕ್ಕಳು ಇರ್ತಾರೆ, ಪಾಪ." ಅವಳು ಅವನ ಮುಖವನ್ನೇ ನೋಡುತ್ತಿದ್ದಳು, ಅಥವಾ ಅದರ ಹಿಂದಿನ ಬಿಸಿಲನ್ನು. "ನನ್ನ ಪೆಟ್ಟಿಗೇಲಿ ಅದನ್ನಿಟ್ಟು ಹೂಳ್ಲಿ ಅಂತ ಆಸೆ. ನೋಡಿದ್ದೀಯಾ?"

ದೇಶದ ಪದಕಗಳೆಲ್ಲ ಗೊತ್ತಿದ್ದವನು ಕೆಮ್ಮಿದ. "ಇಲ್ಲ."

"ಮುಂದಿನ ಭಾನುವಾರ ಬರ್ತೀನಿ," ಎಂದಳು, ಅವನೇ ಕರೆದ ಹಾಗೆ.

ಮನೆಗೆ ಬಂದಾಗ ಇನ್ನೂ ನಡುಮಧ್ಯಾಹ್ನ. ಚಹಾ ಬಗ್ಗಿಸಿಕೊಂಡ, ಕುಡಿಯಲಿಲ್ಲ. ಅಜ್ಜನ ಶಿಲುಬೆ ತೆಗೆದು ಹಿಂಬದಿಯನ್ನು ಅರದಿಂದ ಉಜ್ಜತೊಡಗಿದ. ಒಂದು ಗಣಿಯಷ್ಟು ಬೆಳ್ಳಿಪುಡಿ ಉದುರಿತು. ಆರೂ ಅಂಕಿ ಹೋದವು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಬೋಳು. ಈಗ ಅದು ಯಾರದೂ ಅಲ್ಲ.

ಅಭ್ಯಾಸಬಲದಿಂದ ಕಣ್ಣು ಮುಚ್ಚಿ ಹೆಬ್ಬೆರಳು ಒತ್ತಿದ.

ನಾಲ್ಕು. ಒಂದು. ಎಂಟು. ಎರಡು. ಸೊನ್ನೆ. ಏಳು.

ಬೇರೊಂದು ಪದಕ ಎತ್ತಿಕೊಂಡ. ಅದೇ ಅಂಕಿ. ಮತ್ತೊಂದು. ಅದೇ. ಮುನ್ನೂರು ಜನ ಸತ್ತವರೂ ಒಂದೇ ಅಂಕಿ ಕೂಗಿದರು. ಆರಿದ ಚಹಾದ ಲೋಟದ ತಳದಲ್ಲಿ, ಬಾಗಿಲ ಚಿಲಕದ ಮೇಲೆ, ಅದೇ.

ಅಂಗಿಯ ಗುಂಡಿ ಬಿಚ್ಚಿದ. ಎದೆಯ ತನಕ ಹೋದ ಹೆಬ್ಬೆರಳು ಕೂದಲೆಳೆಯಷ್ಟು ದೂರದಲ್ಲಿ, ಮುಟ್ಟಲಾರದೆ, ನಿಂತಿತು.