ಎತ್ತಿ ಬಡಿಯಬೇಕಾದ ಬಾಗಿಲು

ಕಾರಿನ ಎಡಬಾಗಿಲು ಒಂದೇ ಬೆರಳಿನ ನೂಕಿಗೆ, ಸದ್ದಿಲ್ಲದೆ ಮುಚ್ಚಿಕೊಂಡಿತು. ಆಕೆ ಅದನ್ನು ತೆರೆದು ಮತ್ತೆ ನೂಕಿದಳು. ಮತ್ತೆ ಹಾಗೆಯೇ ಮುಚ್ಚಿಕೊಂಡಿತು.

"ಹೇಗಿದೆ?" ಮೆಕ್ಯಾನಿಕ್ ಕೈಗೆ ಮೆತ್ತಿದ್ದ ಗ್ರೀಸನ್ನು ಒರೆಸಿಕೊಳ್ಳುತ್ತ ಕೇಳಿದ. "ನೀವು ಬ್ರೇಕ್ ಮಾತ್ರ ನೋಡು ಅಂದಿದ್ರಿ. ಆದ್ರೆ ಈ ಬಾಗಿಲ ಜೊತೆ ನಿಮ್ಮ ಗುದ್ದಾಟ ನೋಡಿ ಮನಸ್ಸು ತಡೀಲಿಲ್ಲ. ಕೀಲಿನ ಪಿನ್ನು ಸವೆದು ಬಾಗಿಲು ಜೋತುಬಿದ್ದಿತ್ತು. ಹೊಸದು ಹಾಕಿದೀನಿ. ಅದಕ್ಕೇನೂ ಕೊಡಬೇಡಿ ಅಕ್ಕಾ."

"ಹಳೇ ಪಿನ್ನು ಎಲ್ಲಿ?"

"ಗುಜರಿಯವನು ತಗೊಂಡು ಹೋದ. ಯಾಕಕ್ಕಾ, ಮುಖ ಯಾಕೆ ಹಾಗಾಯ್ತು?"

ಆ ಕಾರಿನ ವಿಷಯದಲ್ಲಿ ಕಂಡವರಿಗೆಲ್ಲ ಒಂದೇ ಅಭಿಪ್ರಾಯವಿತ್ತು. ಬಿಸಿಲಿಗೆ ಬಿಳಿಚಿದ ಕಂದುಬಣ್ಣ, ಡಬ್ಬಿಯಂಥ ಆಕಾರ, ಹರಿದ ಸೀಟಿಗೆ ಆಕೆಯೇ ಹೊಲಿದು ಹಾಕಿದ ಪರದೆಬಟ್ಟೆ. "ಇದನ್ನ ಕದಿಯೋಕೆ ಬಂದ ಕಳ್ಳನೂ ಅಯ್ಯೋ ಪಾಪ ಅಂತ ಪೆಟ್ರೋಲ್ ಹಾಕಿಸಿ ಹೋಗ್ತಾನೆ ಕಣಕ್ಕಾ" ಎಂದು ತಮ್ಮ ನಗುತ್ತಿದ್ದ. ಆದರೂ ಆಕೆ ಕಾರನ್ನು ಮಾರಿರಲಿಲ್ಲ. ಕಾರಣ ಅಮ್ಮ.

ಅಮ್ಮನ ನೆನಪುಗಳು ಒಂದೊಂದಾಗಿ ಕಳಚಿಹೋಗಿದ್ದವು. ಮನೆಯೊಳಗೆ ಮಗಳು ಅಮ್ಮನಿಗೆ 'ನರ್ಸಮ್ಮ'. ಅನ್ನ ಕಲಸಿ ಕೊಟ್ಟರೆ, "ನಿಮಗೆ ತೊಂದರೆ" ಎಂದು ಸಂಕೋಚಪಡುವಷ್ಟು ಪರಕೀಯಳು. ಆದರೆ ಸಂಜೆ ಕಾರಿನಲ್ಲಿ ಕೂರಿಸಿ ಬಾಗಿಲು ನೂಕಿದರೆ ಅದು ಮುಚ್ಚಿಕೊಳ್ಳುತ್ತಿರಲಿಲ್ಲ. ಒಂದು ಕಾಲಕ್ಕೆ ದಿನವೂ ಆ ಕಾರನ್ನು ಓಡಿಸಿದ್ದ ಅಮ್ಮನಿಗೆ ಅದನ್ನು ಸಹಿಸಲಾಗುತ್ತಿರಲಿಲ್ಲ. "ಎತ್ತಿ ಬಡಿಯೇ, ಪುಟ್ಟಿ. ಎಷ್ಟು ಸಲ ಹೇಳ್ಬೇಕು ನಿಂಗೆ?" ಆ ಬೈಗುಳದೊಂದಿಗೆ ಅಮ್ಮ ಮರಳುತ್ತಿದ್ದಳು. ಮುಖ ಯಾಕೆ ಬಾಡಿದೆ, ತಲೆ ಯಾಕೆ ಬಾಚಿಲ್ಲ ಎಂದು ಗದರುತ್ತಿದ್ದಳು. ಕಾರು ದೊಡ್ಡ ರಸ್ತೆ ಸೇರುವಷ್ಟರಲ್ಲಿ ಮತ್ತೆ ಇಲ್ಲವಾಗುತ್ತಿದ್ದಳು.

ಇಷ್ಟನ್ನು ಕೇಳಿದ ಮೆಕ್ಯಾನಿಕ್ ಸ್ಪ್ಯಾನರ್ ಎತ್ತಿಕೊಂಡ. ಕೀಲಿನ ಬೋಲ್ಟುಗಳನ್ನು ಸಡಿಲಿಸಿದ, ಬಾಗಿಲನ್ನು ಮೊಣಕಾಲಿನಿಂದ ಅದುಮಿದ, ನೂಕಿ ನೋಡಿದ. ಬಾಗಿಲು ಅರ್ಧಕ್ಕೇ ನಿಂತಿತು.

"ಹೀಗೇ ಇತ್ತಲ್ವಾ ಅಕ್ಕಾ?"

"ಹೆಚ್ಚೂ ಕಡಿಮೆ" ಎಂದಳು ಆಕೆ.

ಸಂಜೆ ಅಮ್ಮನನ್ನು ಕಾರಿನಲ್ಲಿ ಕೂರಿಸಿ, ಸೆರಗನ್ನು ಒಳಗೆ ಸರಿಸಿ, ಮಗಳು ಬಾಗಿಲು ನೂಕಿದಳು. ಮುಚ್ಚಿಕೊಳ್ಳಲಿಲ್ಲ. ಅಮ್ಮನ ಬೈಗುಳಕ್ಕಾಗಿ ಕಾದಳು.

ಅಮ್ಮ ಬಾಗಿಲನ್ನು ನೋಡಿದಳು. ಹುಬ್ಬು ಗಂಟಿಕ್ಕಿತು. ತುಟಿ ಅಲುಗಿತು.

ಮಗಳು ಇನ್ನೊಮ್ಮೆ ನೂಕಿದಳು. ಲೋಹಕ್ಕೆ ಲೋಹ ತಗುಲಿ, ಆ ಕಾರಿನಲ್ಲಿ ಎಂದೂ ಕೇಳಿರದ ಕರ್ಕಶ ಸದ್ದೊಂದು ಹೊರಟಿತು. ಅಮ್ಮ ಬೆಚ್ಚಿ ಕೈಚೀಲವನ್ನು ಎದೆಗವಚಿಕೊಂಡಳು.

"ಮೆಲ್ಲಗೆ, ನರ್ಸಮ್ಮ. ಯಾರದೋ ಕಾರು."

ಮಗಳು ಬಾಗಿಲನ್ನು ಎತ್ತಿ ಬಡಿದಳು. ಅದು ಪುಟಿದು ವಾಪಸು ಬಂತು. ಮತ್ತೆ ಬಡಿದಳು.

"ಬಿಡಿ, ಪಾಪ, ನಿಮ್ಮ ಕೈ ನೋಯುತ್ತೆ" ಎಂದಳು ಅಮ್ಮ ಅನುನಯದಿಂದ. "ಇಂಥದ್ದಕ್ಕೆಲ್ಲ ನಮ್ಮ ಪುಟ್ಟಿಯೇ ಸರಿ. ನಾಲ್ಕು ಬೈದರೆ ತಕ್ಷಣ ಹಾಕ್ತಾಳೆ. ಈಗ ಬಂದುಬಿಡ್ತಾಳೆ."

ಮಗಳು ಕಾರನ್ನು ಸುತ್ತಿಕೊಂಡು ಬಂದು ಅಮ್ಮನ ಪಕ್ಕ, ಸ್ಟೀರಿಂಗ್ ಮುಂದೆ ಕುಳಿತಳು. ಕೀಲಿಕೈಯನ್ನು ತಿರುಗಿಸಲಿಲ್ಲ.

"ಹಾಗಾದ್ರೆ ಸ್ವಲ್ಪ ಕಾಯೋಣ" ಎಂದಳು.